ನಿಧಾನವಾದ ಟ್ಯಾಬ್‌ಗೆ ಹೊಸ ಸಿಸ್ಟಮ್ ಹಾಕುವುದು ಹೇಗೆ: ಕ್ರಮ ತಪ್ಪದ ಹಾಗೆ ಪೂರ್ತಿ ಮಾರ್ಗದರ್ಶಿ

2020ರಲ್ಲಿ ಆನ್‌ಲೈನ್ ಕ್ಲಾಸ್‌ಗೆಂದು ಕೊಡಗಿನ ಎಷ್ಟೋ ಮನೆಗಳಿಗೆ ಟ್ಯಾಬ್ ಬಂತು. ಈಗ ಮಕ್ಕಳ ಕೈಯಲ್ಲಿ ಫೋನ್ ಇದೆ, ಟ್ಯಾಬ್ ತೋಟದ ಲೆಕ್ಕಕ್ಕೆ ಇಳಿದಿದೆ. ಆಳುಗಳ ಹಾಜರಿ, ಕಾಫಿ ಕೊಯ್ಲಿನ ತೂಕ, ಮಳೆಯ ಇಂಚು-ಸೆಂಟ್ ಎಲ್ಲ ಅದರಲ್ಲೇ. ನಮ್ಮ ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ಕಣದ ಅಂಚಿನಲ್ಲಿ ನಿಂತು ಹಾಜರಿ ಆ್ಯಪ್ ಒತ್ತುತ್ತಿದ್ದರು. ಅದು ತೆರೆಯುವಷ್ಟರಲ್ಲಿ ಹತ್ತು ಹೆಸರನ್ನು ಪುಸ್ತಕದಲ್ಲಿ ಬರೆದು ಮುಗಿಸುತ್ತಿದ್ದರು.

ಇಂಥ ಟ್ಯಾಬ್‌ಗೆ ಕಸ್ಟಮ್ ಫರ್ಮ್‌ವೇರ್, ಅಂದರೆ ಕಂಪನಿ ಕೊಟ್ಟದ್ದರ ಬದಲು ಬೇರೆಯವರು ಮಾಡಿದ ಸಿಸ್ಟಮ್, ಹಾಕಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಓಡುತ್ತದೆ. ಆದರೆ ಗೋಣಿಕೊಪ್ಪ, ನಾಪೋಕ್ಲು, ಸುಂಟಿಕೊಪ್ಪ ಕಡೆಯಿಂದ ನನ್ನ ಹತ್ತಿರ ಬರುವ ಟ್ಯಾಬ್‌ಗಳಲ್ಲಿ ಹೆಚ್ಚಿನವು ಅರ್ಧ ಕೆಲಸಕ್ಕೇ ನಿಂತಿರುತ್ತವೆ. ಯಾರೋ ವಿಡಿಯೊ ನೋಡಿ ಶುರು ಮಾಡಿದ್ದಾರೆ, ಲೋಗೊ ಬಂದು ಅಲ್ಲೇ ಕೂತಿದೆ. ಏನು ಮಾಡಿದಿರಿ ಎಂದು ಕೇಳಿದರೆ ಒಂದೊಂದು ಹಂತವೂ ಸರಿಯಾಗೇ ಇರುತ್ತದೆ. ಮೊದಲು ಮಾಡಬೇಕಾದದ್ದನ್ನು ಆಮೇಲೆ ಮಾಡಿರುತ್ತಾರೆ, ಇಲ್ಲವೇ ನಡುವಿನ ಒಂದು ಹಂತವನ್ನು ಹಾರಿಸಿರುತ್ತಾರೆ. ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ7, 10.4 ಇಂಚಿನ 2020ರ ಮಾದರಿ. ಹಾಕುವುದು ಲಿನಿಯೇಜ್ ಓಎಸ್ ಎಂಬ, ಆಂಡ್ರಾಯ್ಡ್ ಆಧರಿಸಿದ ಉಚಿತ ಸಿಸ್ಟಮ್. ಬೇರೆ ಕಂಪನಿಯ ಟ್ಯಾಬ್ ಆದರೆ ಆದೇಶಗಳು ಬೇರೆ ಇರುತ್ತವೆ, ಕ್ರಮ ಹೆಚ್ಚುಕಡಿಮೆ ಇದೇ. ಆದೇಶ ಮತ್ತು ಮೆನು ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ.

ಮೊದಲು ನೋಡಿ: ತೊಂದರೆ ಸಿಸ್ಟಮ್‌ನದ್ದೇನಾ?

ಸ್ಟೋರೇಜ್ ತುಂಬಿದ ಟ್ಯಾಬ್ ನಿಧಾನವಾಗಿಯೇ ಓಡುತ್ತದೆ. 32 ಜಿಬಿಯಲ್ಲಿ 2 ಜಿಬಿ ಖಾಲಿ ಉಳಿದಿದ್ದರೆ ಮೊದಲು ವಾಟ್ಸ್ಆ್ಯಪ್ ವಿಡಿಯೊಗಳನ್ನು ತೆಗೆಯಿರಿ. ಆಮೇಲೆ ಒಂದು ಫ್ಯಾಕ್ಟರಿ ರಿಸೆಟ್ ಮಾಡಿ, ಬೇಕಾದ ನಾಲ್ಕೈದು ಆ್ಯಪ್ ಮಾತ್ರ ಹಾಕಿ ಒಂದು ವಾರ ಬಳಸಿ. ಅಷ್ಟಕ್ಕೇ ಸರಿಹೋದರೆ ಮುಂದಿನದ್ದು ಯಾವುದೂ ಬೇಡ.

ಎರಡನೆಯದು ಬ್ಯಾಟರಿ. ಕವರ್ ತೆಗೆದು ಟ್ಯಾಬ್ ಅನ್ನು ಗಾಜಿನ ಮೇಜಿನ ಮೇಲೆ ಅಂಗಾತ ಇಟ್ಟು ಮೂಲೆಯನ್ನು ಮೆಲ್ಲಗೆ ತಳ್ಳಿ. ಬುಗುರಿಯಂತೆ ತಿರುಗಿದರೆ ಬೆನ್ನು ಉಬ್ಬಿದೆ ಎಂದರ್ಥ. ಪರದೆಯ ಅಂಚು ಎದ್ದಿದ್ದರೂ ಅದೇ ಲಕ್ಷಣ. ಉಬ್ಬಿದ ಬ್ಯಾಟರಿಯ ಟ್ಯಾಬ್‌ಗೆ ಈ ಕೆಲಸ ಮಾಡಲೇಬೇಡಿ, ಚಾರ್ಜ್‌ಗೂ ಹಾಕಬೇಡಿ. ಬೆಂಕಿ ಹತ್ತುವ ಅಪಾಯ ಇದೆ. ರಿಪೇರಿಯವರ ಹತ್ತಿರ ಬ್ಯಾಟರಿ ಬದಲಿಸಿ, ಆಮೇಲೆ ಬನ್ನಿ.

ಮೂರನೆಯದು ಒಳಗಿನ ಮೆಮೊರಿ ಚಿಪ್. ವರ್ಷಗಟ್ಟಲೆ ಬರೆದು ಅಳಿಸಿ ಅದು ಸವೆಯುತ್ತದೆ. ರಿಸೆಟ್ ಮಾಡಿ ಒಂದೂ ಆ್ಯಪ್ ಹಾಕದೆ ಇದ್ದಾಗಲೂ ಟ್ಯಾಬ್ ತಾನಾಗಿ ಆಫ್ ಆಗುತ್ತಿದ್ದರೆ, ತೆಗೆದ ಫೋಟೊ ಅರ್ಧ ಬೂದು ಬಣ್ಣವಾಗುತ್ತಿದ್ದರೆ, ಯಾವ ಸಾಫ್ಟ್‌ವೇರ್‌ನಿಂದಲೂ ಪ್ರಯೋಜನವಿಲ್ಲ.

ಏನು ಕಳೆದುಕೊಳ್ಳುತ್ತೀರಿ

ಇದನ್ನು ಮನೆಯವರಿಗೂ ಓದಿ ಹೇಳಿ, ಆಮೇಲೆ ನಿರ್ಧರಿಸಿ.

ಬೂಟ್‌ಲೋಡರ್‌ನ, ಅಂದರೆ ಟ್ಯಾಬ್ ಆನ್ ಮಾಡಿದಾಗ ಸಿಸ್ಟಮ್ ಅನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂನ, ಬೀಗ ತೆಗೆದು ಬೇರೆ ಸಿಸ್ಟಮ್ ಹಾಕಿದ ಕೂಡಲೇ ಸ್ಯಾಮ್‌ಸಂಗ್‌ನ ನಾಕ್ಸ್ ಎಂಬ ಭದ್ರತೆಯ ಒಳಗಿನ ಫ್ಯೂಸ್ ಸುಟ್ಟುಹೋಗುತ್ತದೆ. ಹಳೆಯ ಸಿಸ್ಟಮ್‌ಗೆ ಮರಳಿದರೂ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯ ಶಾಶ್ವತವಾಗಿ ಹೋದಂತೆ. ವಾರಂಟಿ ಉಳಿದಿದ್ದರೆ ಅದಕ್ಕೂ ತೊಂದರೆ.

ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಇಂಥ ಟ್ಯಾಬ್ ಅನ್ನು ನಂಬದೆ ತೆರೆಯಲು ಒಪ್ಪದಿರಬಹುದು. ಹಣದ ವ್ಯವಹಾರ ಫೋನಿನಲ್ಲೇ ಇರಲಿ. ಸಿನಿಮಾ ತೋರಿಸುವ ಕೆಲವು ಆ್ಯಪ್‌ಗಳಲ್ಲಿ ಚಿತ್ರದ ಸ್ಪಷ್ಟತೆ ಕಡಿಮೆಯಾಗುತ್ತದೆ. ಓದಲು, ಲೆಕ್ಕ ಬರೆಯಲು, ಯೂಟ್ಯೂಬ್ ನೋಡಲು, ವಿಡಿಯೊ ಕಾಲ್ ಮಾಡಲು ಅಡ್ಡಿಯಿಲ್ಲ.

ಇನ್ನೊಂದು ಮುಖ್ಯ ವಿಷಯ. ಟ್ಯೂಷನ್ ಪ್ಯಾಕೇಜ್ ಜೊತೆಗೆ ಬಂದ ಟ್ಯಾಬ್ ಅಥವಾ ಶಾಲೆ, ಕಚೇರಿ ಕೊಟ್ಟ ಟ್ಯಾಬ್ ಆದರೆ ಮುಟ್ಟಬೇಡಿ. ಅವುಗಳಲ್ಲಿ ದೂರದಿಂದಲೇ ನಿಯಂತ್ರಿಸುವ ಬೀಗ ಇರುತ್ತದೆ. ಅದು ನಿಮ್ಮ ಸ್ವತ್ತೂ ಅಲ್ಲದಿರಬಹುದು.

ಬೇಕಾದ ಸಾಮಾನು

ವಿಂಡೋಸ್ ಲ್ಯಾಪ್‌ಟಾಪ್ ಒಂದು, ಅದರ ಬ್ಯಾಟರಿ ಚೆನ್ನಾಗಿರಬೇಕು. ಡೆಸ್ಕ್‌ಟಾಪ್ ಕಂಪ್ಯೂಟರ್ ಬೇಡವೇ ಬೇಡ. ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಟ್ಯಾಬ್‌ಗೆ ಫೈಲ್ ಬರೆಯುತ್ತಿರುವಾಗ ಕಂಪ್ಯೂಟರ್ ಆಫ್ ಆದರೆ ಟ್ಯಾಬ್ ಅಲ್ಲಿಗೇ ನಿಲ್ಲುತ್ತದೆ. ಯುಪಿಎಸ್ ಇದ್ದರೂ ನಾನು ಲ್ಯಾಪ್‌ಟಾಪ್‌ನಲ್ಲೇ ಮಾಡುತ್ತೇನೆ.

ಡೇಟಾ ಕೇಬಲ್ ಒಂದು. ಚಾರ್ಜ್ ಮಾತ್ರ ಆಗುವ ಕೇಬಲ್ ನಡೆಯುವುದಿಲ್ಲ. ಟ್ಯಾಬ್ ಸಿಕ್ಕಿಸಿದಾಗ ಅದರೊಳಗಿನ ಫೋಟೊಗಳು ಕಂಪ್ಯೂಟರ್‌ನಲ್ಲಿ ಕಂಡರೆ ಸರಿಯಾದ ಕೇಬಲ್. ಅಲ್ಲಾಡಿಸಿದರೆ ಬಿಟ್ಟುಬಿಟ್ಟು ಹಿಡಿಯುತ್ತದೆಯೇ ಎಂದೂ ನೋಡಿ. ಯುಎಸ್‌ಬಿ ಹಬ್ ನಡುವೆ ಬೇಡ, ನೇರವಾಗಿ ಸಿಕ್ಕಿಸಿ.

ಟ್ಯಾಬ್‌ನ ಚಾರ್ಜಿಂಗ್ ತೂತನ್ನು ಟಾರ್ಚ್ ಬಿಟ್ಟು ನೋಡಿ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ತಾಮ್ರದ ಕಾಲುಗಳಿಗೆ ಹಸಿರು ಕಿಲುಬು ಕಟ್ಟದೆ ಇರುತ್ತದೆಯೇ? ಟ್ಯಾಬ್ ಆಫ್ ಮಾಡಿ, ಮೃದುವಾದ ಒಣ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಪಿನ್ನು, ಸೂಜಿ ಹಾಕಬೇಡಿ. ನೀರಿನ ಹನಿಯ ಗುರುತಿನ ಎಚ್ಚರಿಕೆ ಪರದೆಯ ಮೇಲೆ ಬರುತ್ತಿದ್ದರೆ ಒಂದು ದಿನ ಒಣಗಲು ಬಿಡಿ.

ಸಾಫ್ಟ್‌ವೇರ್ ಪಟ್ಟಿ ಹೀಗಿದೆ:

- ಸ್ಯಾಮ್‌ಸಂಗ್ ಯುಎಸ್‌ಬಿ ಡ್ರೈವರ್
- ಓಡಿನ್ (ಸ್ಯಾಮ್‌ಸಂಗ್ ಟ್ಯಾಬ್‌ಗೆ ಫೈಲ್ ಬರೆಯುವ ವಿಂಡೋಸ್ ಪ್ರೋಗ್ರಾಂ)
- ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ (ಕಂಪ್ಯೂಟರ್‌ನಿಂದ ಟ್ಯಾಬ್‌ಗೆ ಆದೇಶ, ಫೈಲ್ ಕಳಿಸುವ ಎಡಿಬಿ ಇದರಲ್ಲೇ ಇರುತ್ತದೆ)
- ನಿಮ್ಮ ಮಾದರಿಯ ಲಿನಿಯೇಜ್ ಓಎಸ್ ಜಿಪ್ ಫೈಲ್, ಅದರದ್ದೇ ರಿಕವರಿ ಫೈಲ್ (ಸಿಸ್ಟಮ್ ಒರೆಸಲು, ಹೊಸದು ಹಾಕಲು ಇರುವ ಪ್ರತ್ಯೇಕ ಮೆನು), ವಿಬಿಮೆಟಾ ಫೈಲ್ (ಇದರ ಕೆಲಸ ಹಂತ 7ರಲ್ಲಿದೆ)
- ಪ್ಲೇ ಸ್ಟೋರ್ ಬೇಕಾದರೆ ಮೈಂಡ್ ದ ಗ್ಯಾಪ್ಸ್ ಎಂಬ ಜಿಪ್
- ನಿಮ್ಮ ಟ್ಯಾಬ್‌ನ ಮೂಲ ಫರ್ಮ್‌ವೇರ್, ವಾಪಸು ಬರಬೇಕಾದಾಗ ಬೇಕು

ಕೊನೆಯದ್ದು ಕೆಲವು ಜಿಬಿ ದೊಡ್ಡದು. ಆಮೇಲೆ ನೋಡೋಣ ಎಂದು ಬಿಡುವವರೇ ಜಾಸ್ತಿ. ಕರೆಂಟ್ ಹೋಗಿ ಟವರ್‌ನ ಸಿಗ್ನಲ್ಲೂ ಹೋದ ರಾತ್ರಿ, ಸತ್ತಂತಿರುವ ಟ್ಯಾಬ್ ಎದುರು ಕೂತು ಅದನ್ನು ಎಲ್ಲಿಂದ ಇಳಿಸುತ್ತೀರಿ? ಎಲ್ಲ ಫೈಲ್‌ಗಳೂ ಲ್ಯಾಪ್‌ಟಾಪ್‌ಗೆ ಬಂದು ಕೂತ ಮೇಲೆಯೇ ಮೊದಲ ಹಂತ ಶುರು ಮಾಡಿ. ಮಡಿಕೇರಿ, ಕುಶಾಲನಗರದಲ್ಲಿ ಫೈಬರ್ ಇರುವ ನೆಂಟರ ಮನೆಗೆ ಹೋದಾಗ ಇಳಿಸಿಕೊಂಡು ಬನ್ನಿ.

ಯಾವಾಗ ಮಾಡುವುದು? ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳು ಒಳ್ಳೆಯವು. ಟ್ಯಾಬ್‌ಗೆ ಕೆಲಸ ಕಡಿಮೆ, ಕರೆಂಟೂ ಇರುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಬೇಡ.

ಹಂತ 1: ಮಾದರಿ ಸಂಖ್ಯೆ ಹೊಂದಿಸಿ

ಸೆಟ್ಟಿಂಗ್ಸ್, ಅಬೌಟ್ ಟ್ಯಾಬ್ಲೆಟ್ ತೆರೆದು ಮಾದರಿ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಹೆಸರು ನೋಡಿ ಫೈಲ್ ಇಳಿಸಬೇಡಿ, ಸಂಖ್ಯೆ ನೋಡಿ ಇಳಿಸಿ.

ಎಸ್‌ಎಂ-ಟಿ500 ಎಂದರೆ ವೈಫೈ ಮಾತ್ರ ಇರುವುದು. ಇದಕ್ಕೆ ಲಿನಿಯೇಜ್‌ನಲ್ಲಿ ಜಿಟಿಎ4ಎಲ್‌ವೈಫೈ ಎಂಬ ಸಂಕೇತನಾಮ. ಎಸ್‌ಎಂ-ಟಿ505 ಎಂದರೆ ಸಿಮ್ ಹಾಕುವ 4ಜಿ ಮಾದರಿ, ಅದರ ಸಂಕೇತ ಜಿಟಿಎ4ಎಲ್. ಎರಡರಲ್ಲೂ ಸ್ನ್ಯಾಪ್‌ಡ್ರ್ಯಾಗನ್ 662 ಚಿಪ್, 3 ಜಿಬಿ ರ‍್ಯಾಮ್. ನೋಡಲು ಅಣ್ಣತಮ್ಮಂದಿರು. ಆದರೂ ಒಂದರ ಫೈಲ್ ಇನ್ನೊಂದಕ್ಕೆ ಹಾಕಬಾರದು.

ಇನ್ನೂ ದೊಡ್ಡ ಬಲೆ 2022ರ ಮಾದರಿ. ಅದೇ ಎ7 ಹೆಸರು, ಅದೇ ಗಾತ್ರ, ಆದರೆ ಸಂಖ್ಯೆ ಟಿ503 ಅಥವಾ ಟಿ509, ಒಳಗಿರುವುದು ಯುನಿಸಾಕ್ ಚಿಪ್. ಇಲ್ಲಿ ಹೇಳಿದ ಯಾವ ಫೈಲೂ ಅದಕ್ಕೆ ಹೊಂದುವುದಿಲ್ಲ. ಎ7 ಲೈಟ್ ಎಂಬುದೂ ಬೇರೆಯೇ ಟ್ಯಾಬ್.

ನಾಪೋಕ್ಲು ಕಡೆಯ ಒಬ್ಬ ಹುಡುಗ ತಂದದ್ದು ಇಂಥದ್ದೇ. ಡಬ್ಬದ ಮೇಲಿನ ಹೆಸರು ನೋಡಿ ಫೈಲ್ ಇಳಿಸಿದ್ದ. ಟ್ಯಾಬ್‌ನ ಬೆನ್ನಿನ ಕೆಳಗೆ ಸಂಖ್ಯೆ ಇತ್ತು, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ. ಅದರ ಮೇಲೆ ಹಳೆಯ ಕವರ್ ಅಂಟಿ ಕೂತಿತ್ತು. ಕವರ್ ಕಿತ್ತು, ಉಗುರಿನಿಂದ ಮಣ್ಣು ಕೆರೆದು, ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಾಗ ಟಿ509 ಎಂದಿತ್ತು. ಅವನ ಪುಣ್ಯ, ಓಡಿನ್ ಆ ಫೈಲನ್ನು ಒಪ್ಪಿರಲಿಲ್ಲ.

ನಿಮ್ಮ ಸಂಖ್ಯೆ ಲಿನಿಯೇಜ್ ಓಎಸ್‌ನ ಅಧಿಕೃತ ವಿಕಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಯಾರೋ ಮಾಡಿದ್ದಾರಂತೆ ಎಂಬ ಮಾತಿಗೆ ಮೊದಲ ಪ್ರಯತ್ನದಲ್ಲೇ ಕೈ ಹಾಕಬೇಡಿ.

ಅದೇ ಪುಟದಲ್ಲಿ ಇನ್ನೊಂದು ಸಾಲು ನೋಡಿ. ಹೊಸದು ಹಾಕುವ ಮೊದಲು ಟ್ಯಾಬ್‌ನಲ್ಲಿ ಆಂಡ್ರಾಯ್ಡ್‌ನ ಯಾವ ಆವೃತ್ತಿಯ ಮೂಲ ಸಿಸ್ಟಮ್ ಇರಬೇಕು ಎಂದು ಬರೆದಿರುತ್ತದೆ. ಹಳೆಯದ್ದಿದ್ದರೆ ಮೊದಲು ಮಾಮೂಲಿ ಅಪ್‌ಡೇಟ್ ಮಾಡಿ.

ಹಂತ 2: ಇಳಿಸಿದ ಫೈಲ್ ಪೂರ್ತಿಯೇ ಎಂದು ನೋಡಿ

ಸಿಗ್ನಲ್ ಹೋಗಿ ಬಂದು ಮಾಡುವ ಜಾಗದಲ್ಲಿ ಇಳಿಸಿದ ಫೈಲ್ ಕೆಲವೊಮ್ಮೆ ಹಾಳಾಗಿರುತ್ತದೆ. ಗಾತ್ರ ಸರಿ ಕಂಡರೂ ಒಳಗೆ ಕೆಟ್ಟಿರಬಹುದು. ಇಳಿಸುವ ಪುಟದಲ್ಲಿ ಎಸ್‌ಎಚ್‌ಎ256 ಎಂಬ ಉದ್ದನೆಯ ಅಂಕಿ ಇರುತ್ತದೆ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಸರ್ಟ್‌ಯುಟಿಲ್, ಖಾಲಿ ಜಾಗ, ಅಡ್ಡಗೆರೆ (ಹೈಫನ್) ಸೇರಿಸಿ ಹ್ಯಾಶ್‌ಫೈಲ್, ಆಮೇಲೆ ಫೈಲಿನ ಹೆಸರು, ಕೊನೆಗೆ ಎಸ್‌ಎಚ್‌ಎ256 ಎಂದು ಟೈಪ್ ಮಾಡಿದರೆ ನಿಮ್ಮ ಫೈಲಿನ ಅಂಕಿ ಬರುತ್ತದೆ. ಮೊದಲ ಆರು, ಕೊನೆಯ ಆರು ಅಕ್ಷರ ಹೊಂದಿದರೆ ಸಾಕು. ಹೊಂದದಿದ್ದರೆ ಮತ್ತೆ ಇಳಿಸಿ.

ಹಂತ 3: ಒಳಗಿರುವುದನ್ನು ಹೊರಗೆ ತೆಗೆಯಿರಿ

ಬೀಗ ತೆಗೆಯುವಾಗ ಟ್ಯಾಬ್ ಪೂರ್ತಿ ಒರೆಸಿಹೋಗುತ್ತದೆ. ಫೋಟೊ, ವಾಟ್ಸ್ಆ್ಯಪ್ ಬ್ಯಾಕಪ್, ಹಾಜರಿ ಆ್ಯಪ್‌ನ ಲೆಕ್ಕ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಹಾಕಿ, ಅಲ್ಲಿ ಒಮ್ಮೆ ತೆರೆದು ನೋಡಿ. ನಕಲಾಗಿದೆ ಎಂದು ನಂಬಿ ಮುಂದೆ ಹೋಗಬೇಡಿ. ತೋಟದ ಲೆಕ್ಕದ ಆ್ಯಪ್‌ಗಳಲ್ಲಿ ಎಕ್ಸ್‌ಪೋರ್ಟ್ ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಪುಟಪುಟವಾಗಿ ಸ್ಕ್ರೀನ್‌ಶಾಟ್ ತೆಗೆಯಿರಿ. ಬೇಸರದ ಕೆಲಸ, ಆದರೆ ಇಷ್ಟು ವರ್ಷದ ಮಳೆಯ ಲೆಕ್ಕ ಹೋದರೆ ಯಾರೂ ವಾಪಸು ಕೊಡುವುದಿಲ್ಲ ಅಲ್ವಾ?

ಆಮೇಲೆ ಅಕೌಂಟ್‌ಗಳು. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್, ಸ್ಯಾಮ್‌ಸಂಗ್ ಅಕೌಂಟ್ ಎರಡನ್ನೂ ತೆಗೆಯಿರಿ. ಇದನ್ನು ಬಿಟ್ಟರೆ ಒರೆಸಿದ ಮೇಲೆ ಟ್ಯಾಬ್ ಹಳೆಯ ಪಾಸ್‌ವರ್ಡ್ ಕೇಳುತ್ತದೆ. ಆನ್‌ಲೈನ್ ಕ್ಲಾಸ್‌ಗೆಂದು ಮಗುವಿನ ಹೆಸರಲ್ಲಿ ಅವಸರದಲ್ಲಿ ತೆರೆದ ಅಕೌಂಟ್‌ನ ಪಾಸ್‌ವರ್ಡ್ ಈಗ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಇಂಥ ಕಡೆ ಮೊದಲು ಪಾಸ್‌ವರ್ಡ್ ಮರಳಿ ಪಡೆಯಿರಿ.

ಮೆಮೊರಿ ಕಾರ್ಡ್ ಮತ್ತು ಸಿಮ್ ತೆಗೆದಿಡಿ. ಚಾರ್ಜ್ 80% ದಾಟಿರಲಿ.

ಹಂತ 4: ಬೀಗ ತೆಗೆಯಲು ಅನುಮತಿ

ಅಬೌಟ್ ಟ್ಯಾಬ್ಲೆಟ್, ಸಾಫ್ಟ್‌ವೇರ್ ಇನ್‌ಫರ್ಮೇಷನ್ ಒಳಗೆ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ. ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಡೆವಲಪರ್ ಆಪ್ಷನ್ಸ್ ಬರುತ್ತದೆ. ಅದರಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ.

ಆ ಸಾಲೇ ಕಾಣುತ್ತಿಲ್ಲವೇ? ವೈಫೈಗೆ ಜೋಡಿಸಿ, ದಿನಾಂಕ ಮತ್ತು ಸಮಯ ಸರಿ ಇದೆಯೇ ನೋಡಿ, ಸಾಫ್ಟ್‌ವೇರ್ ಅಪ್‌ಡೇಟ್ ಒಮ್ಮೆ ಹುಡುಕಿಸಿ, ಮತ್ತೆ ಬಂದು ನೋಡಿ. ಆದರೂ ಬರದಿದ್ದರೆ ಟ್ಯಾಬ್ ಅನ್ನು ಆಫ್ ಮಾಡದೆ, ಇಂಟರ್‌ನೆಟ್ ಬಿಡದೆ ಏಳು ದಿನ ಹಾಗೇ ಇಡಿ. ಇದು ಕದ್ದ ಟ್ಯಾಬ್‌ಗಳನ್ನು ತಡೆಯಲು ಇಟ್ಟ ಕಾಯುವ ಅವಧಿ. ಇದನ್ನು ಮುರಿಯುತ್ತೇವೆ ಎನ್ನುವ ಉಚಿತ ಪ್ರೋಗ್ರಾಂಗಳನ್ನು ಇಳಿಸಬೇಡಿ, ಅವುಗಳಲ್ಲಿ ವೈರಸ್ ಇರುವುದೇ ಜಾಸ್ತಿ.

ಹಂತ 5: ಬೂಟ್‌ಲೋಡರ್ ಬೀಗ ತೆಗೆಯುವುದು

ಟ್ಯಾಬ್ ಪೂರ್ತಿ ಆಫ್ ಮಾಡಿ. ಕೇಬಲ್‌ನ ಒಂದು ತುದಿ ಲ್ಯಾಪ್‌ಟಾಪ್‌ನಲ್ಲಿರಲಿ. ಟ್ಯಾಬ್‌ನ ವಾಲ್ಯೂಮ್ ಹೆಚ್ಚಿಸುವ, ಕಡಿಮೆ ಮಾಡುವ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಇನ್ನೊಂದು ತುದಿ ಸಿಕ್ಕಿಸಿ. ಹಸಿರು ನೀಲಿ ಮಿಶ್ರ ಬಣ್ಣದ ಎಚ್ಚರಿಕೆ ಪರದೆ ಬರುತ್ತದೆ.

ಇಲ್ಲಿ ವಾಲ್ಯೂಮ್ ಅಪ್ ಅನ್ನು ದೀರ್ಘವಾಗಿ ಒತ್ತಿ ಹಿಡಿಯಬೇಕು. ಸಣ್ಣಗೆ ಒತ್ತಿದರೆ ಬರೀ ಡೌನ್‌ಲೋಡ್ ಮೋಡ್‌ಗೆ (ಓಡಿನ್‌ನಿಂದ ಫೈಲ್ ಪಡೆಯುವ ಸ್ಥಿತಿಗೆ) ಹೋಗುತ್ತದೆ, ಬೀಗ ತೆಗೆಯುವುದಿಲ್ಲ. ಉದ್ದ ಒತ್ತಿದಾಗ ಖಚಿತಪಡಿಸಿ ಎಂದು ಕೇಳುತ್ತದೆ. ಮತ್ತೆ ವಾಲ್ಯೂಮ್ ಅಪ್ ಒತ್ತಿ. ಟ್ಯಾಬ್ ತನ್ನನ್ನು ಒರೆಸಿಕೊಂಡು ಹೊಸದರಂತೆ ತೆರೆಯುತ್ತದೆ.

ಇನ್ನು ಮೇಲೆ ಪ್ರತಿ ಸಲ ಆನ್ ಮಾಡುವಾಗ ಬೀಗ ತೆರೆದಿದೆ ಎಂಬ ಎಚ್ಚರಿಕೆ ಬರುತ್ತದೆ. ಇದು ಮಾಮೂಲಿ. ಹೆದರಬೇಡಿ.

ಹಂತ 6: ಎಲ್ಲರೂ ಹಾರಿಸುವ ಹಂತ

ಬೀಗ ತೆಗೆದ ಕೂಡಲೇ ಓಡಿನ್ ತೆರೆಯುವವರೇ ಹೆಚ್ಚು. ಬೇಡ. ಮೊದಲು ಟ್ಯಾಬ್ ಅನ್ನು ಹಳೆಯ ಸಿಸ್ಟಮ್‌ನಲ್ಲೇ ಪೂರ್ತಿ ತೆರೆಯಿರಿ. ಅಕೌಂಟ್ ಯಾವುದೂ ಹಾಕದೆ, ಎಲ್ಲಕ್ಕೂ ಸ್ಕಿಪ್ ಕೊಡುತ್ತಾ ಹೋಗಿ. ವೈಫೈ ಮಾತ್ರ ಜೋಡಿಸಿ. ಮತ್ತೆ ಬಿಲ್ಡ್ ನಂಬರ್ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. ಓಇಎಂ ಅನ್‌ಲಾಕಿಂಗ್ ಸಾಲು ಇದೆಯೇ, ಆನ್ ಆಗಿಯೇ ಇದೆಯೇ, ಮಸುಕಾಗಿ ಬದಲಿಸಲಾಗದಂತೆ ಕಾಣುತ್ತಿದೆಯೇ ನೋಡಿ. ಹಾಗಿದ್ದರೆ ಸರಿ.

ಟ್ಯಾಬ್ ಒಮ್ಮೆ ಇಂಟರ್‌ನೆಟ್‌ಗೆ ಹೋಗಿ ಬರುವವರೆಗೆ ಒಳಗಿನ ಭದ್ರತೆ ಬೀಗ ತೆಗೆದದ್ದನ್ನು ಪೂರ್ತಿ ಒಪ್ಪಿರುವುದಿಲ್ಲ. ಆ ಸ್ಥಿತಿಯಲ್ಲಿ ಫೈಲ್ ಬರೆಯಲು ಹೋದರೆ ಅಧಿಕೃತ ಫೈಲ್ ಮಾತ್ರ ಹಾಕಬಹುದು ಎಂಬ ಕೆಂಪು ಸಾಲು ಬರುತ್ತದೆ. ಡೌನ್‌ಲೋಡ್ ಮೋಡ್‌ನಲ್ಲಿ ಕೆಜಿ ಸ್ಟೇಟಸ್ ಎಂಬ ಸಾಲಿನ ಎದುರು ಪ್ರೀನಾರ್ಮಲ್ ಎಂದು ಕಂಡರೂ ಇದೇ ಅರ್ಥ. ನನ್ನ ಹತ್ತಿರ ಬಂದ ಅರ್ಧಂಬರ್ಧ ಟ್ಯಾಬ್‌ಗಳಲ್ಲಿ ಎಷ್ಟೋ ಇಲ್ಲೇ ಸಿಕ್ಕಿಹಾಕಿಕೊಂಡಿದ್ದವು. ವೈಫೈ ಜೋಡಿಸಿ ಒಂದು ಲೋಟ ಕಾಫಿ ಕುಡಿದು ಬರುವಷ್ಟು ಹೊತ್ತು ಬಿಟ್ಟಿದ್ದರೆ ಸಾಕಿತ್ತು.

ಹಂತ 7: ವಿಬಿಮೆಟಾ, ಆಮೇಲೆ ರಿಕವರಿ

ಟ್ಯಾಬ್ ಆಫ್ ಮಾಡಿ, ಹಿಂದಿನಂತೆಯೇ ಎರಡು ಬಟನ್ ಹಿಡಿದು ಕೇಬಲ್ ಹಾಕಿ. ಈ ಸಲ ಎಚ್ಚರಿಕೆ ಪರದೆಯಲ್ಲಿ ವಾಲ್ಯೂಮ್ ಅಪ್ ಸಣ್ಣಗೆ ಒತ್ತಿ. ಡೌನ್‌ಲೋಡ್ ಮೋಡ್ ಬರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಓಡಿನ್ ತೆರೆದರೆ ಮೇಲಿನ ಚೌಕ ನೀಲಿಯಾಗಿ, ಕೆಳಗೆ ಆ್ಯಡೆಡ್ ಎಂಬ ಪದ ಬರಬೇಕು. ಬರದಿದ್ದರೆ ಡ್ರೈವರ್ ಮತ್ತೆ ಹಾಕಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಬೇರೆ ಪೋರ್ಟ್ ನೋಡಿ.

ಎಪಿ ಎಂಬ ಬಟನ್ ಒತ್ತಿ ವಿಬಿಮೆಟಾ ಫೈಲ್ ಆರಿಸಿ, ಸ್ಟಾರ್ಟ್ ಒತ್ತಿ. ಹಸಿರು ಪಾಸ್ ಬಂದರೆ ಆಯಿತು. ಹಾಕಿದ ಸಿಸ್ಟಮ್ ಅಸಲಿಯೇ ಎಂದು ತಪಾಸಣೆ ಮಾಡುವ ಕಾವಲುಗಾರನನ್ನು ಈ ಫೈಲ್ ಸುಮ್ಮನಾಗಿಸುತ್ತದೆ. ಇದಿಲ್ಲದೆ ರಿಕವರಿ ಹಾಕಿದರೆ ಟ್ಯಾಬ್ ಅದನ್ನು ತೆರೆಯಲು ಒಪ್ಪುವುದಿಲ್ಲ. ಟ್ಯಾಬ್ ರೀಸ್ಟಾರ್ಟ್ ಆಗಿ ಮತ್ತೆ ಒರೆಸಲು ಕೇಳಿದರೆ ಒಪ್ಪಿಕೊಳ್ಳಿ.

ಈಗ ಮತ್ತೆ ಡೌನ್‌ಲೋಡ್ ಮೋಡ್‌ಗೆ ಬನ್ನಿ. ಓಡಿನ್‌ನ ಆಪ್ಷನ್ಸ್‌ನಲ್ಲಿ ಆಟೊ ರೀಬೂಟ್ ಎದುರಿನ ಗುರುತು ತೆಗೆಯಿರಿ. ಎಪಿಯಲ್ಲಿ ಲಿನಿಯೇಜ್ ರಿಕವರಿ ಫೈಲ್ ಹಾಕಿ ಸ್ಟಾರ್ಟ್ ಒತ್ತಿ.

ಪಾಸ್ ಬಂದ ಮೇಲಿನ ಹತ್ತು ಸೆಕೆಂಡ್ ಬಹಳ ಮುಖ್ಯ. ಈಗ ಟ್ಯಾಬ್ ತಾನಾಗಿ ಹಳೆಯ ಸಿಸ್ಟಮ್‌ಗೆ ಹೋದರೆ ಅದು ಹೊಸ ರಿಕವರಿಯನ್ನು ಅಳಿಸಿ ತನ್ನದನ್ನೇ ಬರೆದುಕೊಳ್ಳುತ್ತದೆ. ಹಾಗಾಗಿ ಕೇಬಲ್ ಸಿಕ್ಕಿಸಿಕೊಂಡೇ ಇರಲಿ. ವಾಲ್ಯೂಮ್ ಡೌನ್ ಮತ್ತು ಪವರ್ ಒಟ್ಟಿಗೆ ಒತ್ತಿ ಹಿಡಿಯಿರಿ. ಪರದೆ ಕಪ್ಪಾದ ಕ್ಷಣವೇ ಬೆರಳನ್ನು ವಾಲ್ಯೂಮ್ ಅಪ್‌ಗೆ ಸರಿಸಿ. ಪವರ್ ಬಿಡಬೇಡಿ. ಲೋಗೊ ಬಂದ ಮೇಲೆ ಬಿಡಿ. ಟ್ಯಾಬ್ ಆಫ್ ಇರುವಾಗ ಈ ಬೆರಳಾಟವನ್ನು ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳಿ. ನಾನು ಮನೆಗೆ ಬಂದವರಿಗೆ ಹಾಗೇ ಮಾಡಿಸುತ್ತೇನೆ.

ಲಿನಿಯೇಜ್‌ನ ಗುರುತಿರುವ ರಿಕವರಿ ಬಂದರೆ ಗೆದ್ದಿರಿ. ಹಳೆಯ ರಿಕವರಿ ಬಂದರೆ ಬೆರಳು ತಡವಾಯಿತು. ಈ ಹಂತದ ಎರಡನೇ ಭಾಗ ಮಾತ್ರ ಮತ್ತೆ ಮಾಡಿ.

ಹಳೆಯ ವಿಡಿಯೊಗಳಲ್ಲಿ ಟಿಡಬ್ಲ್ಯುಆರ್‌ಪಿ ಎಂಬ ಬೇರೆ ರಿಕವರಿ ತೋರಿಸುತ್ತಾರೆ. ಲಿನಿಯೇಜ್ ಹಾಕುವುದಾದರೆ ಅದರದ್ದೇ ರಿಕವರಿ ಬಳಸಿ. ಎರಡನ್ನೂ ಬೆರೆಸಿದಾಗಲೇ ಗೋಜಲು ಶುರುವಾಗುವುದು.

ಹಂತ 8: ಫಾರ್ಮ್ಯಾಟ್ ಮಾಡಿ, ಆಮೇಲೆ ಸಿಸ್ಟಮ್ ಹಾಕಿ

ರಿಕವರಿಯಲ್ಲಿ ಫ್ಯಾಕ್ಟರಿ ರಿಸೆಟ್ ಆರಿಸಿ, ಒಳಗೆ ಫಾರ್ಮ್ಯಾಟ್ ಡೇಟಾ ಒತ್ತಿ. ಹೇಗೂ ಎರಡು ಸಲ ಒರೆಸಿಹೋಗಿದೆಯಲ್ಲ, ಮತ್ತೇಕೆ ಎಂದು ಬಿಡಬೇಡಿ. ಹಳೆಯ ಸಿಸ್ಟಮ್ ತನ್ನ ರಹಸ್ಯ ಕೀಲಿಯಿಂದ ಆ ಜಾಗಕ್ಕೆ ಬೀಗ ಹಾಕಿಟ್ಟಿರುತ್ತದೆ. ಹೊಸ ಸಿಸ್ಟಮ್‌ಗೆ ಆ ಕೀಲಿ ಗೊತ್ತಿರುವುದಿಲ್ಲ. ಲೋಗೊದಲ್ಲೇ ಸುತ್ತುತ್ತಾ ಕೂರುವ ಟ್ಯಾಬ್‌ಗೆ ಸಾಮಾನ್ಯ ಕಾರಣ ಇದೇ.

ಮುಖ್ಯ ಮೆನುಗೆ ಬಂದು ಅಪ್ಲೈ ಅಪ್‌ಡೇಟ್, ಅಪ್ಲೈ ಫ್ರಮ್ ಎಡಿಬಿ ಆರಿಸಿ. ಲ್ಯಾಪ್‌ಟಾಪ್‌ನಲ್ಲಿ ಪ್ಲಾಟ್‌ಫಾರ್ಮ್ ಟೂಲ್ಸ್ ಫೋಲ್ಡರ್ ತೆರೆದು, ಲಿನಿಯೇಜ್ ಜಿಪ್ ಅನ್ನು ಅದೇ ಫೋಲ್ಡರ್‌ಗೆ ಹಾಕಿ. ಹೆಸರು ಉದ್ದ ಇದ್ದರೆ ಚಿಕ್ಕದು ಮಾಡಿ. ಮೇಲಿನ ವಿಳಾಸ ಪಟ್ಟಿಯಲ್ಲಿ ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಬಂದ ಕಪ್ಪು ಕಿಟಕಿಯಲ್ಲಿ ಎಡಿಬಿ, ಖಾಲಿ ಜಾಗ, ಸೈಡ್‌ಲೋಡ್, ಖಾಲಿ ಜಾಗ, ಫೈಲಿನ ಹೆಸರು ಟೈಪ್ ಮಾಡಿ.

ಟ್ಯಾಬ್ ಸಿಗುತ್ತಿಲ್ಲ ಎಂದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ ಸಾಲು ಇದ್ದರೆ ಗೂಗಲ್ ಯುಎಸ್‌ಬಿ ಡ್ರೈವರ್ ಹಾಕಬೇಕು.

ಲ್ಯಾಪ್‌ಟಾಪ್‌ನಲ್ಲಿ ಎಣಿಕೆ ಕೆಲವೊಮ್ಮೆ 47%ಗೆ ನಿಂತುಬಿಡುತ್ತದೆ. ಇದನ್ನು ನೋಡಿ ಗಾಬರಿಯಾಗಿ ಕೇಬಲ್ ಕಿತ್ತವರು ಇದ್ದಾರೆ. ಕೀಳಬೇಡಿ! ಟ್ಯಾಬ್‌ನ ಪರದೆ ನೋಡಿ. ಅಲ್ಲಿ ಕೆಲಸ ಮುಗಿದಿದ್ದರೆ ಮುಗಿದಂತೆಯೇ.

ಮುಗಿದ ಮೇಲೆ, ಇನ್ನೂ ಏನಾದರೂ ಸೇರಿಸಲು ರಿಕವರಿಗೇ ರೀಬೂಟ್ ಮಾಡಬೇಕೇ ಎಂದು ಕೇಳುತ್ತದೆ. ಪ್ಲೇ ಸ್ಟೋರ್ ಬೇಕಾದವರು ಯೆಸ್ ಕೊಟ್ಟು, ಮತ್ತೆ ಅದೇ ಮೆನುಗೆ ಬಂದು, ಮೈಂಡ್ ದ ಗ್ಯಾಪ್ಸ್ ಫೈಲನ್ನು ಅದೇ ರೀತಿ ಕಳಿಸಿ. ಸಹಿ ಹೊಂದುತ್ತಿಲ್ಲ ಎಂಬ ಪ್ರಶ್ನೆ ಬರುತ್ತದೆ. ಈ ಫೈಲ್‌ಗೆ ಅದು ಸಹಜ, ಯೆಸ್ ಕೊಡಿ. ಲಿನಿಯೇಜ್ ಜಿಪ್‌ಗೇ ಹಾಗೆ ಬಂದರೆ ಮಾತ್ರ ನಿಲ್ಲಿಸಿ, ಎರಡನೇ ಹಂತಕ್ಕೆ ಮರಳಿ.

ಇದರ ಆವೃತ್ತಿ ನಿಮ್ಮ ಲಿನಿಯೇಜ್‌ನ ಆಂಡ್ರಾಯ್ಡ್ ಆವೃತ್ತಿಗೆ ಹೊಂದಬೇಕು. ಲಿನಿಯೇಜ್ 21 ಎಂದರೆ ಆಂಡ್ರಾಯ್ಡ್ 14, ಲಿನಿಯೇಜ್ 22 ಎಂದರೆ ಆಂಡ್ರಾಯ್ಡ್ 15. ಮೊದಲ ಸಲ ಟ್ಯಾಬ್ ತೆರೆಯುವ ಮುಂಚೆಯೇ ಇದನ್ನು ಹಾಕಬೇಕು. ತೆರೆದ ಮೇಲೆ ನೆನಪಾದರೆ ಮತ್ತೆ ಫಾರ್ಮ್ಯಾಟ್‌ನಿಂದ ಶುರು.

ಹಾಜರಿ, ಮಳೆ ಲೆಕ್ಕ, ಪುಸ್ತಕ ಓದುವುದು ಇಷ್ಟಕ್ಕೇ ಟ್ಯಾಬ್ ಬೇಕಾದರೆ ಗೂಗಲ್ ಇಲ್ಲದೆಯೇ ಇಡಿ ಎಂಬುದು ನನ್ನ ಸಲಹೆ. 3 ಜಿಬಿ ರ‍್ಯಾಮ್‌ನಲ್ಲಿ ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಎಫ್-ಡ್ರಾಯ್ಡ್ ಎಂಬ ಉಚಿತ ಆ್ಯಪ್ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ. ರೈಟರ್ ಅವರ ಟ್ಯಾಬ್ ಅನ್ನು ಹಾಗೇ ಮಾಡಿಕೊಟ್ಟೆ. ಮಕ್ಕಳ ಪಾಠದ ಆ್ಯಪ್ ಬೇಕಾದರೆ ಗೂಗಲ್ ಹಾಕಿ.

ಹಂತ 9: ಮೊದಲ ಸಲ ತೆರೆಯುವುದು

ರೀಬೂಟ್ ಸಿಸ್ಟಮ್ ನೌ ಒತ್ತಿ. ಮೊದಲ ಸಲ ಹತ್ತು ನಿಮಿಷ ಹಿಡಿದರೂ ಕಾಯಿರಿ. ಹದಿನೈದು ನಿಮಿಷ ದಾಟಿದರೆ ಏನೋ ತಪ್ಪಿದೆ. ರಿಕವರಿಗೆ ಹೋಗಿ ಹಂತ 8 ಮತ್ತೆ ಮಾಡಿ.

ತೆರೆದ ಮೇಲೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ವೈಫೈ, ಕ್ಯಾಮೆರಾ, ಸ್ಪೀಕರ್, ಪರದೆ ತಿರುಗುವುದು, 4ಜಿ ಇದ್ದರೆ ಸಿಮ್, ಎಲ್ಲವನ್ನೂ ನೋಡಿ. ಎಲ್ಲ ಸರಿಯಿದ್ದ ಮೇಲೆಯೇ ಹಳೆಯ ಫೈಲ್‌ಗಳನ್ನು ವಾಪಸು ಹಾಕಿ. ಆ್ಯಪ್‌ಗಳನ್ನು ದಿನಕ್ಕೆ ಒಂದೆರಡರಂತೆ ಸೇರಿಸಿ. ಯಾವುದರಿಂದ ಮತ್ತೆ ನಿಧಾನವಾಗುತ್ತದೆ ಎಂದು ಆಗ ತಿಳಿಯುತ್ತದೆ. ಡೆವಲಪರ್ ಆಪ್ಷನ್ಸ್‌ನಲ್ಲಿ ಮೂರು ಆ್ಯನಿಮೇಷನ್ ಸ್ಕೇಲ್‌ಗಳನ್ನು 0.5ಕ್ಕೆ ಇಳಿಸಿದರೆ ಇನ್ನೂ ಚುರುಕು.

ಇನ್ನು ಮುಂದೆ ಓಇಎಂ ಅನ್‌ಲಾಕಿಂಗ್ ಅನ್ನು ಆಫ್ ಮಾಡಬಾರದು. ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕಲೂಬಾರದು. ಹಾಕಿದರೆ ಟ್ಯಾಬ್ ಹೊಸ ಸಿಸ್ಟಮ್ ಅನ್ನು ಕಳ್ಳನೆಂದು ತಿಳಿದು ತೆರೆಯುವುದನ್ನೇ ನಿಲ್ಲಿಸುತ್ತದೆ. ಇದನ್ನು ಮನೆಯ ಮಕ್ಕಳಿಗೂ ಹೇಳಿಡಿ.

ಸಿಕ್ಕಿಹಾಕಿಕೊಂಡರೆ

ಡೌನ್‌ಲೋಡ್ ಮೋಡ್ ತೆರೆಯುತ್ತಿದೆಯೇ? ಹಾಗಾದರೆ ಟ್ಯಾಬ್ ಸತ್ತಿಲ್ಲ. ಇದನ್ನು ನೆನಪಿಟ್ಟುಕೊಂಡು ಸಮಾಧಾನವಾಗಿ ಕೂತುಕೊಳ್ಳಿ.

ಓಡಿನ್ ಸೆಟಪ್ ಕನೆಕ್ಷನ್ ಎಂಬ ಸಾಲಿನಲ್ಲಿ ನಿಂತರೆ ಕೇಬಲ್, ಪೋರ್ಟ್ ಅಥವಾ ಡ್ರೈವರ್ ತೊಂದರೆ. ಟ್ಯಾಬ್ ಅನ್ನು ಡೌನ್‌ಲೋಡ್ ಮೋಡ್‌ನಿಂದ ಹೊರತಂದು, ಮತ್ತೆ ಒಳಗೆ ಹೋಗಿ, ಇನ್ನೊಂದು ಕೇಬಲ್‌ನಲ್ಲಿ ಪ್ರಯತ್ನಿಸಿ. ಟ್ಯಾಬ್ ಪರದೆಯಲ್ಲಿ ಎಸ್‌ಡಬ್ಲ್ಯು ರೆವ್ ಚೆಕ್ ಫೇಲ್ ಎಂದು ಬಂದರೆ ನೀವು ಹಾಕುತ್ತಿರುವ ಮೂಲ ಫರ್ಮ್‌ವೇರ್ ಹಳೆಯದು. ಬಿಲ್ಡ್ ನಂಬರ್‌ನ ಕೊನೆಯಿಂದ ಐದನೇ ಅಕ್ಷರ ನೋಡಿ. ಅದು ಬೂಟ್‌ಲೋಡರ್‌ನ ಮೆಟ್ಟಿಲು. ಮೇಲಿನ ಮೆಟ್ಟಿಲಿಗೆ ಹೋದ ಟ್ಯಾಬ್ ಕೆಳಗಿನದಕ್ಕೆ ಇಳಿಯುವುದಿಲ್ಲ.

ಡೌನ್‌ಲೋಡ್ ಮೋಡ್‌ಗೂ ಬರದೆ, ಚಾರ್ಜ್‌ಗೆ ಹಾಕಿದರೂ ಅಲುಗದೆ ಇದ್ದರೆ ಒಂದೆರಡು ಗಂಟೆ ಒಳ್ಳೆಯ ಚಾರ್ಜರ್‌ನಲ್ಲಿ ಬಿಟ್ಟು ಮತ್ತೆ ನೋಡಿ. ಬ್ಯಾಟರಿ ಪೂರ್ತಿ ಇಳಿದದ್ದನ್ನೇ ಸತ್ತಿತು ಎಂದುಕೊಳ್ಳುವುದುಂಟು.

ಹಳೆಯದಕ್ಕೆ ಮರಳುವುದು

ಇಳಿಸಿಟ್ಟ ಮೂಲ ಫರ್ಮ್‌ವೇರ್ ಬಿಚ್ಚಿದರೆ ಬಿಎಲ್, ಎಪಿ, ಸಿಎಸ್‌ಸಿ ಎಂದು ಶುರುವಾಗುವ ಫೈಲ್‌ಗಳು ಸಿಗುತ್ತವೆ. ಸಿಮ್ ಇರುವ ಮಾದರಿಗೆ ಸಿಪಿ ಎಂಬುದೂ ಇರುತ್ತದೆ. ಒಂದೊಂದನ್ನೂ ಓಡಿನ್‌ನ ಅದದೇ ಜಾಗಕ್ಕೆ ಹಾಕಿ. ಹೋಮ್ ಸಿಎಸ್‌ಸಿ ಎಂಬ ಇನ್ನೊಂದು ಫೈಲ್ ಇರುತ್ತದೆ, ಅದು ಬೇಡ. ಅದು ಡೇಟಾ ಉಳಿಸಲು ಇರುವುದು, ಇಲ್ಲಿ ಪೂರ್ತಿ ಒರೆಸಿಯೇ ಶುರು ಮಾಡಬೇಕು. ಆಟೊ ರೀಬೂಟ್ ಗುರುತು ಮತ್ತೆ ಹಾಕಿ ಸ್ಟಾರ್ಟ್ ಒತ್ತಿ. ಎಪಿ ಫೈಲ್ ದೊಡ್ಡದು, ಓಡಿನ್ ಕೆಲವು ನಿಮಿಷ ಅಲ್ಲಾಡದಂತೆ ಕಾಣುತ್ತದೆ. ಕಾಯಿರಿ.

ಟ್ಯಾಬ್ ಹಳೆಯ ಸಿಸ್ಟಮ್‌ನಲ್ಲಿ ತೆರೆದು, ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಬೀಗ ಮತ್ತೆ ಹಾಕುವ ಯೋಚನೆ ಮಾಡಿ. ಆಗಲೂ ಒಳಗಿನದ್ದೆಲ್ಲ ಒರೆಸಿಹೋಗುತ್ತದೆ. ಹೀಗೆ ಮರಳಿಸಿದ ಟ್ಯಾಬ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಬೇರೆಯವರಿಗೆ ಮಾರುವುದಾದರೆ ನಾಕ್ಸ್ ಫ್ಯೂಸ್ ಹೋಗಿದೆ ಎಂದು ಹೇಳಿಯೇ ಕೊಡಿ.